ತಾಯಿ ಕಾರ್ಡಿನಲ್ಲಿ 'ಪಾಸ್' ಎಂದು ಬರೆದವಳು ನಾನು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಾನು ಜಿಲ್ಲಾ ಮಟ್ಟದ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ದುಡಿಯುವ ಆಡಿಯಾಲಜಿಸ್ಟ್. ವರ್ಷಕ್ಕೊಮ್ಮೆ ನವೀಕರಣದ ಆದೇಶಕ್ಕಾಗಿ ಕಾಯುವ ಕೆಲಸವಾದ್ದರಿಂದ ಹೆಸರು, ಊರು ಬರೆಯುತ್ತಿಲ್ಲ. ಇದನ್ನು ದೂರು ಎಂದು ಓದಿಕೊಳ್ಳಬೇಡಿ. ದೂರು ಯಾರ ಮೇಲಾದರೂ ಇದ್ದರೆ ಮೊದಲು ನನ್ನ ಮೇಲೆಯೇ ಇದೆ.

2020ರ ಫೆಬ್ರುವರಿಯಲ್ಲಿ ನಮ್ಮ ಹೆರಿಗೆ ವಾರ್ಡಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮೂರನೆಯ ದಿನ ಅದರ ಕಿವಿಗೆ, ಕೂಸಿಗೆ ಕೇಳಿಸುತ್ತದೆಯೇ ಎಂದು ನೋಡುವ ಓಎಇ ಯಂತ್ರದ ಪ್ರೋಬ್ ಇಟ್ಟವಳು ನಾನು. ತಾಯಿ ಹಾಲು ಕುಡಿಸಿ ಮಲಗಿಸಿದ್ದಳು. ಪಕ್ಕದ ಮಂಚದವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರೂ ಆ ಯಂತ್ರ ತಕರಾರು ತೆಗೆಯುತ್ತದೆ. ಹಾಗಾಗಿ ಫ್ಯಾನು ಆರಿಸಿ, 'ಎರಡು ನಿಮಿಷ ಸುಮ್ಮನಿರ್ರವ್ವ' ಎಂದು ವಾರ್ಡಿನವರಿಗೆಲ್ಲ ಕೈಮುಗಿದು, ಉಸಿರು ಹಿಡಿದು ಕೂತೆ. ಬಲಗಿವಿಗೆ ಹಸಿರು ಬಂತು. ಎಡಗಿವಿಗೂ ಹಸಿರು ಬಂತು. ತಾಯಿ ಕಾರ್ಡಿನಲ್ಲಿ 'ಪಾಸ್' ಎಂದು ಬರೆದು ಸಹಿ ಹಾಕಿದೆ. ಬಾಣಂತಿಯ ಅಜ್ಜಿ ನನ್ನ ಕೈಗೊಂದು ಪೇಡೆ ಕೊಟ್ಟರು.

ಆ ಮಗುವಿಗೆ ಏನೂ ಕೇಳಿಸುತ್ತಿರಲಿಲ್ಲ.

ಇದು ನನಗೆ ಗೊತ್ತಾಗಿದ್ದು 2022ರ ದೀಪಾವಳಿ ಕಳೆದ ವಾರ. ಅಂಗಳದಲ್ಲಿ ಆಟಂಬಾಂಬ್ ಸಿಡಿಯುವಾಗ ಮಗು ಜಗುಲಿಯ ಮೇಲೆ ಕೂತು ಬೆಲ್ಲದಚ್ಚು ನೆಕ್ಕುತ್ತಿತ್ತಂತೆ, ತಿರುಗಿಯೂ ನೋಡಲಿಲ್ಲವಂತೆ. ಅದುವರೆಗೆ ಮನೆಯವರು ಗಮನಿಸಿರಲಿಲ್ಲವೇ ಎಂದು ತಾವು ಕೇಳಬಹುದು. ಗಮನಿಸಿದ್ದರು. ಕುಕ್ಕರ್ ಸೀಟಿ ಕೂಗಿದರೂ ಮಗು ತಿರುಗುವುದಿಲ್ಲ ಎಂದು ತಾಯಿ ಹತ್ತು ತಿಂಗಳಿಗೇ ಹೇಳಿದ್ದಳು. ಆದರೆ ಕೊರೊನಾ ಕಾಲ, ಬಸ್ಸಿಲ್ಲ. ಮೇಲಾಗಿ ಅಜ್ಜಿ ತಟ್ಟೆ ಬಡಿದಾಗ ಮಗು ತಿರುಗುತ್ತಿತ್ತು. ಅದು ಸದ್ದಿಗಲ್ಲ, ಕೈ ಬೀಸಿದ ಗಾಳಿಗೆ, ನೆಲದ ಅದುರಿಗೆ. 'ಅವರಪ್ಪಂಗೂ ಮೂರು ತುಂಬಿದ ಮೇಲೇ ಮಾತು ಬಂದಿದ್ದು' ಎಂಬ ಸಮಾಧಾನವೂ ಇತ್ತು. ಇಷ್ಟೆಲ್ಲದರ ಮೇಲೆ ನನ್ನ ಸಹಿ ಇತ್ತು. 'ಡಾಕ್ಟರಮ್ಮ ಪಾಸ್ ಅಂತ ಬರೆದವ್ರೆ' ಎಂದು ಅವರು ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದರು. ನಾನು ಡಾಕ್ಟರ್ ಅಲ್ಲ ಎನ್ನುವುದು ಬೇರೆ ಮಾತು.

ಬೆರಾ ಟೆಸ್ಟಿಗೆ ಬೇರೆ ಊರಿಗೆ ಕಳಿಸಬೇಕಾಯಿತು. ಮಗುವನ್ನು ರಾತ್ರಿಯೆಲ್ಲ ಎಚ್ಚರವಿಟ್ಟು, ಬೆಳಿಗ್ಗೆ ನಿದ್ದೆ ಸಿರಪ್ ಕುಡಿಸಿ, ಹಣೆಗೂ ಕಿವಿಯ ಹಿಂದಕ್ಕೂ ಪೇಸ್ಟ್ ಹಚ್ಚಿ ವೈರು ಅಂಟಿಸಿ ಮಾಡುವ ಪರೀಕ್ಷೆ ಅದು. ಅಂದು ರಜೆ ಹಾಕಿ ನಾನೂ ಜೊತೆಗೆ ಹೋಗಿದ್ದೆ. ಕಿವಿಗೆ ಎಷ್ಟು ಜೋರಾಗಿ ಸದ್ದು ಕೊಟ್ಟರೂ ಮಿದುಳಿಗೆ ಹೋಗುವ ಹಾದಿಯಲ್ಲಿ ಏಳಬೇಕಾದ ಅಲೆ ಏಳಲಿಲ್ಲ. ಪರದೆಯ ಮೇಲಿನ ಗೆರೆ ಬೇಸಿಗೆಯ ಕೆರೆಯಂತೆ ಮಲಗಿತ್ತು. ಅದೇ ಮೇಜಿನ ಮೇಲೆ, ಅದೇ ನಿದ್ದೆಯಲ್ಲಿ ಓಎಇ ಮತ್ತೆ ಹಾಕಿಸಿದೆ. ಬಲಗಿವಿ ಹಸಿರು, ಎಡಗಿವಿ ಹಸಿರು. ಮಾನಸಗಂಗೋತ್ರಿಯಲ್ಲಿ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಒಂದು ಪುಟ ಆಗ ಕಣ್ಣ ಮುಂದೆ ಬಂತು.

ಆ ಪುಟದಲ್ಲಿ ಇದ್ದದ್ದೇನು ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಮನವಿ ನಿಂತಿರುವುದೇ ಅದರ ಮೇಲೆ.

ಒಳಕಿವಿಯ ಕಾಕ್ಲಿಯಾ ಬಟಾಣಿ ಕಾಳಿನಷ್ಟಿರುವ ಒಂದು ಶಂಖ. ಅದರ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಹುಟ್ಟುವಾಗ ಬಂದದ್ದಷ್ಟೇ, ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. (ಕೋಳಿಯಲ್ಲಿ ಹುಟ್ಟುತ್ತವೆ. ಈ ವಿಷಯದಲ್ಲಿ ಕೋಳಿ ನಮಗಿಂತ ಮುಂದೆ.) ಹೊರಗಿನ ಮೂರು ಸಾಲಿನಲ್ಲಿ 12,000ದಷ್ಟು ಕೋಶಗಳಿವೆ. ಸದ್ದು ಬಂದಾಗ ಇವು ಕುಗ್ಗಿ ಹಿಗ್ಗಿ ಆ ಅಲುಗಾಟವನ್ನು ದೊಡ್ಡದು ಮಾಡುತ್ತವೆ. ಒಳಗಿನ ಒಂದೇ ಸಾಲಿನ 3,500ರಷ್ಟು ಕೋಶಗಳು ಆ ಅಲುಗಾಟವನ್ನು ನರಕ್ಕೆ ದಾಟಿಸುತ್ತವೆ. ಮಿದುಳಿಗೆ ಸುದ್ದಿ ಮುಟ್ಟಿಸುವುದು ಹೆಚ್ಚೂಕಡಿಮೆ ಈ ಒಳಸಾಲೊಂದೇ.

ಹೊರಸಾಲಿನ ಕೋಶಗಳು ಕುಣಿಯುವಾಗ ಅತಿ ಸಣ್ಣದೊಂದು ಸದ್ದು ಕಿವಿಯಿಂದ ವಾಪಸು ಹೊರಗೆ ಬರುತ್ತದೆ. ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಇದನ್ನು 1978ರಲ್ಲಿ ತೋರಿಸಿಕೊಟ್ಟರು. ನನ್ನ ಓಎಇ ಯಂತ್ರ ಹಿಡಿಯುವುದು ಆ ಪ್ರತಿಧ್ವನಿಯನ್ನು. ಅಂದರೆ ಅದು ಹೊರಸಾಲಿನ ಯೋಗಕ್ಷೇಮ ವಿಚಾರಿಸಿ ಬರುತ್ತದೆ, ಒಳಸಾಲಿನ ಬಾಗಿಲನ್ನು ತಟ್ಟುವುದೇ ಇಲ್ಲ.

ಈ ಎರಡು ಸಾಲುಗಳ ವ್ಯತ್ಯಾಸ ಜೀನ್ ಮಟ್ಟದಲ್ಲಿ ಏನು ಎಂದು ಹುಡುಕಿದ ಕಥೆ ನನಗೆ ಬಹಳ ಇಷ್ಟ. ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ ಇಪ್ಪತ್ತು ಸಾವಿರದಷ್ಟು ಜೀನುಗಳ ಅದೇ ಗಂಟು ಇದೆ. ಕಿವಿಯ ಕೋಶ ಕಿವಿಯ ಕೋಶವಾಗುವುದು ಆ ಗಂಟಿನಲ್ಲಿ ಯಾವುದು ಬಿಚ್ಚಿಕೊಂಡಿದೆ, ಯಾವುದು ಮುಚ್ಚಿಕೊಂಡಿದೆ ಎಂಬುದರಿಂದ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಡಾಲೋಸ್ ಅವರ ತಂಡ ಹೊರಸಾಲಿನ ಕೋಶಗಳನ್ನೂ ಒಳಸಾಲಿನ ಕೋಶಗಳನ್ನೂ ಬೇರೆ ಬೇರೆಯಾಗಿ ಬಿಡಿಸಿಕೊಂಡು, ಎರಡರಲ್ಲೂ ಕೆಲಸ ಮಾಡುತ್ತಿರುವ ಜೀನುಗಳನ್ನು ಒಂದರಿಂದೊಂದು ಕಳೆಯಿತು. ಹೊರಸಾಲಿನಲ್ಲಿ ಮಾತ್ರ ಉಳಿದದ್ದರಲ್ಲಿ ಸಿಕ್ಕಿದ್ದು ಪ್ರೆಸ್ಟಿನ್, ಕೋಶವನ್ನು ಕುಣಿಸುವ ಪ್ರೋಟೀನು. ಅದು 2000ನೇ ಇಸವಿ. ನಾನು ವಾರ್ಡಿನಲ್ಲಿ ಫ್ಯಾನು ಆರಿಸಿ ಉಸಿರು ಹಿಡಿದು ಕೇಳಿಸಿಕೊಳ್ಳುವುದು ಹೆಚ್ಚಾಗಿ ಪ್ರೆಸ್ಟಿನ್ ಮಾಡುವ ಸದ್ದನ್ನೇ.

ಅದಕ್ಕೆ ಒಂದು ವರ್ಷ ಮುಂಚೆ, 1999ರಲ್ಲಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಕ್ರಿಸ್ಟೀನ್ ಪೆಟಿ ಅವರ ತಂಡ ಇನ್ನೊಂದು ಜೀನನ್ನು ಹಿಡಿದಿತ್ತು. ಲೆಬನಾನಿನ ಕೆಲವು ಕುಟುಂಬಗಳಲ್ಲಿ ಮಕ್ಕಳು ಹುಟ್ಟಾ ಕಿವುಡರಾಗುತ್ತಿದ್ದರು. ಅವರಲ್ಲಿ ಕೆಟ್ಟಿದ್ದ ಜೀನು ಒಟಿಒಎಫ್, ಅದು ಮಾಡಬೇಕಾದ ಪ್ರೋಟೀನು ಓಟೊಫರ್ಲಿನ್. ಅದರ ಕೆಲಸ ಒಳಸಾಲಿನಲ್ಲಿ. ರೋಮಕೋಶದ ಬುಡದಲ್ಲಿ ನರಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ನಿಂತಿರುತ್ತದೆ. ಓಟೊಫರ್ಲಿನ್ ಹೂಂ ಎಂದರೆ ಚೀಲ ಒಡೆದು ಸುದ್ದಿ ನರಕ್ಕೆ ದಾಟುತ್ತದೆ. ಅದಿಲ್ಲದಿದ್ದರೆ ಬಸ್ಸು ತುಂಬಿದೆ, ಡ್ರೈವರ್ ಸೀಟಿನಲ್ಲಿದ್ದಾನೆ, ಎಂಜಿನ್ ಚಾಲೂ ಇದೆ, 'ರೈಟ್' ಎನ್ನಲು ಕಂಡಕ್ಟರೇ ಇಲ್ಲ.

ಆ ಮಗುವಿನದು ಇದೇ ಸ್ಥಿತಿ ಎಂದು ನಮಗೆ ಗೊತ್ತಾಗಲು ಇನ್ನೂ ಐದು ತಿಂಗಳು ಬೇಕಾಯಿತು. ಕಿವಿ ಮಷೀನು ಹಾಕಿ ನೋಡಿದೆವು, ಪ್ರಯೋಜನವಾಗಲಿಲ್ಲ. ಕಾಕ್ಲಿಯರ್ ಇಂಪ್ಲಾಂಟಿಗೆ ಕಳಿಸಿದರೆ ಶಸ್ತ್ರಚಿಕಿತ್ಸಕರು ಸರಿಯಾಗಿಯೇ ಅನುಮಾನಪಟ್ಟರು. ಓಎಇ ಇದೆ, ಬೆರಾ ಇಲ್ಲ ಎಂದರೆ ದೋಷ ರೋಮಕೋಶದ ಬುಡದಲ್ಲೂ ಇರಬಹುದು, ನರದಲ್ಲೂ ಇರಬಹುದು. ಇಂಪ್ಲಾಂಟ್ ಕೋಶವನ್ನು ದಾಟಿ ನೇರ ನರವನ್ನು ಮುಟ್ಟುವ ಸಾಧನ. ನರವೇ ಸರಿಯಿಲ್ಲದಿದ್ದರೆ ಅಷ್ಟು ದೊಡ್ಡ ಆಪರೇಷನ್ ಮಾಡಿಯೂ ಫಲ ಸಿಗುವ ಖಾತ್ರಿಯಿಲ್ಲ. ಇದನ್ನು ಬಿಡಿಸಿ ಹೇಳಬಲ್ಲದ್ದು ಜೀನ್ ಪರೀಕ್ಷೆ. ನಮ್ಮ ಆಸ್ಪತ್ರೆಯ ಯಾವ ಯೋಜನೆಯ ಯಾವ ಕಲಮಿನಲ್ಲೂ ಅದಕ್ಕೆ ದುಡ್ಡಿರಲಿಲ್ಲ. ಮಗುವಿನ ಅಪ್ಪ ಎರಡು ಕುರಿ ಮಾರಿ, ಉಳಿದದ್ದಕ್ಕೆ ಸಾಲ ಮಾಡಿ, ಖಾಸಗಿ ಲ್ಯಾಬಿಗೆ ರಕ್ತ ಕೊಟ್ಟುಬಂದ. ವರದಿ ಬಂತು: ಒಟಿಒಎಫ್, ಎರಡೂ ಪ್ರತಿಗಳಲ್ಲಿ ಅದೇ ದೋಷ. ಎಂದರೆ ನರ ಸರಿಯಾಗಿದೆ, ಇಂಪ್ಲಾಂಟ್ ಕೆಲಸ ಮಾಡುತ್ತದೆ. ಮೂರೂವರೆ ವರ್ಷಕ್ಕೆ ಆಪರೇಷನ್ ಆಯಿತು.

ಆ ವರದಿ ಇಂಗ್ಲಿಷಿನಲ್ಲಿ ಹನ್ನೊಂದು ಪುಟ ಇತ್ತು. ಅದನ್ನು ನನ್ನ ಕೋಣೆಯಲ್ಲಿ ಕೂತು ಮನೆಯವರಿಗೆ ಓದಿ ಹೇಳಿದ ಮಧ್ಯಾಹ್ನವನ್ನು ನಾನು ಮರೆಯಲಾರೆ. ಆ ಹೆಣ್ಣುಮಗಳು ಮದುವೆಯಾಗಿದ್ದು ಸೋದರಮಾವನನ್ನು. ಹಾಗಾಗಿ ಅಂದು ಪೇಡೆ ಕೊಟ್ಟ ಹಿರಿಯರು ಅವಳಿಗೆ ಅತ್ತೆಯೂ ಹೌದು, ಅಮ್ಮನ ಅಮ್ಮನೂ ಹೌದು. ನಾನು ಕಾಗದದ ಮೇಲೆ ಅಜ್ಜಿ, ತಾತ, ಮಗ, ಮಗಳು, ಮೊಮ್ಮಗಳು ಎಂದು ಗೀಚಿ ತೋರಿಸಿದೆ. ಒಂದು ಕೆಟ್ಟ ಪ್ರತಿ ಹಿರಿಯರಲ್ಲಿ ಯಾರೋ ಒಬ್ಬರಿಂದ ಹೊರಟು, ಒಂದು ದಾರಿಯಲ್ಲಿ ಮಗನಿಗೆ ಬಂದಿದೆ, ಇನ್ನೊಂದು ದಾರಿಯಲ್ಲಿ ಮಗಳ ಮೂಲಕ ಮೊಮ್ಮಗಳಿಗೆ ಬಂದಿದೆ. ಒಂದೊಂದು ಪ್ರತಿ ಇದ್ದವರಿಗೆ ಏನೂ ತೊಂದರೆಯಿಲ್ಲ, ಎರಡು ದಾರಿಯೂ ಈ ಕೂಸಿನಲ್ಲಿ ಕೂಡಿದವು ಎಂದೆ. ಅಜ್ಜಿ ಬಹಳ ಹೊತ್ತು ಆ ಕಾಗದ ನೋಡಿದರು. 'ಹಂಗಾದ್ರೆ ಇದು ನಂದಾ?' ಎಂದರು.

ನಿಮ್ಮದೂ ಇರಬಹುದು, ತಾತನದೂ ಇರಬಹುದು, ಇಂಥ ನಾಲ್ಕಾರು ನನ್ನ ಮೈಯಲ್ಲೂ ಇವೆ, ಎಲ್ಲರ ಮೈಯಲ್ಲೂ ಇವೆ ಎಂದೆ. ಅದು ಸುಳ್ಳು ಸಮಾಧಾನವಲ್ಲ, ನಿಜವೇ. ಆದರೆ ನಾನು ನೋಡುತ್ತಿದ್ದುದು ಮೂಲೆಯ ಕುರ್ಚಿಯಲ್ಲಿದ್ದ ತಾಯಿಯನ್ನು. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ತಮಗೆ ನೆನಪಿರಬಹುದು. ಅಂದು ಏಳು ತಿಂಗಳ ಬಸುರಿ, ಒಣಹಾಕಿದ್ದ ಬಟ್ಟೆ ತರಲು ಹಿತ್ತಿಲಿಗೆ ಹೋಗಿದ್ದಳಂತೆ. ಮೂರು ವರ್ಷ ಮನೆಯಲ್ಲಿ, ಕೇರಿಯಲ್ಲಿ, ನಲ್ಲಿ ಹತ್ತಿರ ಅದೇ ಮಾತು. ಆ ಕಾಗದ ನೋಡಿ ಅವಳು ಅಳಲಿಲ್ಲ. 'ಗ್ರಹಣ ಅಲ್ಲ ತಾನೇ ಮೇಡಂ?' ಎಂದು ಮೂರು ಸಲ ಕೇಳಿದಳು. ಮೂರನೆಯ ಸಲ ಅವಳು ಕೇಳಿದ್ದು ನನ್ನನ್ನಲ್ಲ, ಗಂಡನ ಕಡೆ ತಿರುಗಿ.

ಮಾನ್ಯರೇ, ನವಜಾತ ಶಿಶುಗಳ ಶ್ರವಣ ಪರೀಕ್ಷೆಗೆ, ಇಂಪ್ಲಾಂಟಿಗೆ ಸರ್ಕಾರ ದುಡ್ಡು ಕೊಡುತ್ತಿದೆ. ಶ್ರವಣ ಸಂಜೀವಿನಿ ಯೋಜನೆಯಿಂದ ಅನುಕೂಲ ಪಡೆದ ಮಕ್ಕಳನ್ನು ನಾನೇ ಕಂಡಿದ್ದೇನೆ, ಅದಕ್ಕೆ ಕೃತಜ್ಞಳು. ನಾನು ಕೇಳುತ್ತಿರುವುದು ಪರೀಕ್ಷೆಗೂ ಇಂಪ್ಲಾಂಟಿಗೂ ನಡುವೆ ತಪ್ಪಿಹೋಗಿರುವ ಕೊಂಡಿಯನ್ನು. ಕಿವಿ ಕೇಳಿಸದು ಎಂದು ಖಾತ್ರಿಯಾದ ಪ್ರತಿ ಮಗುವಿಗೂ ಸರ್ಕಾರಿ ಖರ್ಚಿನಲ್ಲಿ ಜೀನ್ ಪರೀಕ್ಷೆ ಆಗಲಿ, ಅದನ್ನು ಕನ್ನಡದಲ್ಲಿ ಕೂತು ಹೇಳುವ ಒಬ್ಬ ಆಪ್ತಸಮಾಲೋಚಕರು ಇರಲಿ. ಬೇಡಿಕೆ ಇಷ್ಟೇ.

ಇದು ದೊಡ್ಡ ದೇಶಗಳ ಶೋಕಿ ಎಂದು ಕಡತದ ಮೇಲೆ ಯಾರಾದರೂ ಟಿಪ್ಪಣಿ ಬರೆಯುವ ಮೊದಲು ಒಂದು ವಿಷಯ ತಮ್ಮ ಗಮನಕ್ಕೆ ತರಬೇಕು. ಜಮ್ಮುವಿನ ದೋಡಾ ಜಿಲ್ಲೆಯ ಗುಡ್ಡದ ಮೇಲೆ ಧಡ್ಕಾಯಿ ಎಂಬ ಹಳ್ಳಿಯಿದೆ. ಗುಜ್ಜರ್ ಕುಟುಂಬಗಳ ಊರು, ತಲೆಮಾರುಗಳಿಂದ ಸಂಬಂಧ ಬೆಳೆಸುವುದು ತಮ್ಮತಮ್ಮಲ್ಲೇ. ಅಲ್ಲಿ ಹತ್ತಾರು ಮಂದಿ ಹುಟ್ಟಾ ಕಿವುಡರು. ಪತ್ರಿಕೆಗಳು ಅದನ್ನು ಮೌನದ ಹಳ್ಳಿ ಎಂದು ಬರೆಯುತ್ತವೆ, ಸಿನಿಮಾ ಹೆಸರಿನ ಹಾಗೆ. ಆ ಊರಿನವರ ರಕ್ತದ ಮಾದರಿ ಹಿಡಿದು, ಯಾವ ಜೀನು ಕೆಟ್ಟಿದೆ ಎಂದು ಪತ್ತೆ ಹಚ್ಚಿದ ತಂಡವನ್ನು ನಡೆಸಿದವರು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್. 2017ರಲ್ಲಿ ಪ್ರಕಟವಾದ ಆ ಅಧ್ಯಯನ ಮೂರು ಜೀನುಗಳನ್ನು ಹೆಸರಿಸಿತು. ಪಟ್ಟಿಯ ಮೊದಲ ಹೆಸರೇ ಒಟಿಒಎಫ್. ನಮ್ಮ ಮಗುವಿನ ಜೀನು! ದೋಡಾದ ಗುಡ್ಡದಿಂದ ರಕ್ತ ಇಳಿದು ಜಕ್ಕೂರಿಗೆ ಬರಬಲ್ಲದಾದರೆ, ಇದೇ ರಾಜ್ಯದ ಒಂದು ಜಿಲ್ಲಾಸ್ಪತ್ರೆಯಿಂದ ಅದೇ ಬೆಂಗಳೂರಿಗೆ ರಕ್ತ ಹೋಗಲು ಎರಡು ಕುರಿ ಮಾರಬೇಕೇ?

ಇಂಥ ಪರೀಕ್ಷೆಯನ್ನು ಹೇಗಾದರೂ ಮಾಡಿದರೆ ಆಯಿತು ಎನ್ನುವಂತಿಲ್ಲ. ಜಗತ್ತಿನಲ್ಲಿ ಹುಟ್ಟುಕಿವುಡಿಗೆ ಬಹಳ ಸಾಮಾನ್ಯ ಕಾರಣ ಜಿಜೆಬಿ2 ಎಂಬ ಜೀನು, ಅದು ಗೊತ್ತಾದದ್ದು 1997ರಲ್ಲಿ. ಯುರೋಪಿನವರಲ್ಲಿ ಆ ಜೀನಿನ ಹೆಚ್ಚು ಕಾಣುವ ದೋಷದ ಹೆಸರು 35ಡೆಲ್‌ಜಿ. ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ಅದಲ್ಲ, ಡಬ್ಲ್ಯೂ24ಎಕ್ಸ್. ಯುರೋಪಿನ ಪಟ್ಟಿ ನೋಡಿ ಮಾಡಿದ ಕಿಟ್ಟನ್ನು ಟೆಂಡರಿನಲ್ಲಿ ಅಗ್ಗವೆಂದು ತಂದರೆ ನಮ್ಮ ಮಕ್ಕಳೆಲ್ಲ ಮತ್ತೆ 'ಪಾಸ್' ಆಗುತ್ತಾರೆ, ಮತ್ತೆ ಯಾರೋ ಸಹಿ ಹಾಕುತ್ತಾರೆ. ಅಷ್ಟೇ ಅಲ್ಲ. ಜಕ್ಕೂರಿನ ಅದೇ ಪ್ರಯೋಗಾಲಯ 2014ರಲ್ಲಿ ಭಾರತದ ಕುಟುಂಬಗಳಲ್ಲಿ ಟಿಎಂಸಿ1, ಸಿಡಿಎಚ್23, ಟಿಎಂಪಿಆರ್‌ಎಸ್‌ಎಸ್3 ಮೊದಲಾದ ಐದು ಜೀನುಗಳನ್ನು ಓದಿದಾಗ ಕಂಡದ್ದು ಒಂದೇ ಜೀನಿನಲ್ಲಿ ಮನೆಗೊಂದು ಬಗೆಯ ದೋಷ. ಈ ಜೀನುಗಳ ಸಂಖ್ಯೆ ಈಗ ನೂರು ದಾಟಿದೆ. ಆದ್ದರಿಂದ ಒಂದೋ ಎರಡೋ ಜೀನು ನೋಡಿ ಕೈತೊಳೆದುಕೊಳ್ಳುವಂತಿಲ್ಲ, ಇಡೀ ಗುಂಪನ್ನೇ ಒಟ್ಟಿಗೆ ಓದಬೇಕು.

ಪಟ್ಟಿ ಇನ್ನೂ ಬೆಳೆಯುತ್ತದೆ. ಒಳಕಿವಿ ಮೈಯಲ್ಲೇ ಅತಿ ಗಟ್ಟಿಯಾದ ಮೂಳೆಯೊಳಗೆ ಹುದುಗಿದೆ. ಬದುಕಿರುವ ಮನುಷ್ಯನ ಕಾಕ್ಲಿಯಾದಿಂದ ಒಂದು ಚೂರು ತೆಗೆದು ನೋಡಿದರೆ ಇದ್ದ ಕಿವಿಯೂ ಹೋಗುತ್ತದೆ. ಅದಕ್ಕೇ ಈ ಹುಡುಕಾಟ ಸುತ್ತುಬಳಸಿ ಸಾಗಿದೆ. ತಿರುಗಣಿಯಂತೆ ಸುತ್ತುತ್ತಲೇ ಇರುವ, ತಲೆ ಕುಲುಕುವ ಕಿವುಡು ಇಲಿಗಳನ್ನು ಸಾಕಿ ಅವುಗಳ ಜೀನು ಹುಡುಕಿದರು. ಷೇಕರ್-1 ಎಂದು ಹೆಸರಾದ ಇಲಿಯ ಕೆಟ್ಟ ಜೀನೇ ಮನುಷ್ಯರಲ್ಲಿ ಕಿವಿಯ ಜೊತೆ ಕಣ್ಣನ್ನೂ ಕಳೆಯುವ ಅಷರ್ ಸಿಂಡ್ರೋಮಿನ ಒಂದು ಬಗೆಗೆ ಕಾರಣ ಎಂದು 1995ರಲ್ಲಿ ತಿಳಿಯಿತು. ಬಾಸ್ಟನ್ನಿನಲ್ಲಿ ಸಿಂಥಿಯಾ ಮಾರ್ಟನ್ ಅವರ ತಂಡ ಮಾನವ ಭ್ರೂಣದ ಕಾಕ್ಲಿಯಾದಲ್ಲಿ ಕೆಲಸ ಮಾಡುತ್ತಿರುವ ಜೀನುಗಳ ಒಂದು ಕಣಜವನ್ನೇ ಕಟ್ಟಿ, ಅದರಿಂದ ಕಾಕ್ ಎಂಬ ಜೀನನ್ನು ಹೆಕ್ಕಿತು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಶೋಧದಲ್ಲಿ ಒಂದೊಂದು ಜೀನು ಕೆಡಿಸಿದ 3,006 ತಳಿಯ ಇಲಿಗಳ ಕಿವಿಯನ್ನು ಪರೀಕ್ಷಿಸಿದರು. ಶ್ರವಣಕ್ಕೆ ಬೇಕಾದ 67 ಜೀನು ಸಿಕ್ಕವು, ಅದರಲ್ಲಿ 52 ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದವು. ಇಂದು ಕಾಕ್ಲಿಯಾದ ಒಂದೊಂದೇ ಕೋಶವನ್ನು ಬಿಡಿಸಿ ಅದರಲ್ಲಿ ಯಾವ ಜೀನು ಎದ್ದಿದೆ, ಯಾವುದು ಮಲಗಿದೆ ಎಂದು ಓದುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ರಾಜ್ ಲಾಧರ್ ಅವರ ಪ್ರಯೋಗಾಲಯದ ಕೆಲಸವೂ ಒಳಕಿವಿ ರೂಪುಗೊಳ್ಳುವ ಬಗೆಯ ಮೇಲೆಯೇ. ಹೀಗಾಗಿ ಇಂದು 'ಕಾರಣ ಸಿಗಲಿಲ್ಲ' ಎಂದು ಬಂದ ವರದಿಯನ್ನು ಮೂರು ವರ್ಷ ಬಿಟ್ಟು ಮತ್ತೆ ಓದಿಸಿದರೆ ಕಾರಣ ಸಿಗಬಹುದು. ಅಂಥ ವರದಿಗಳನ್ನು ಕಾಪಿಟ್ಟುಕೊಳ್ಳುವ ಒಂದು ಜಾಗ ಬೇಕು. ಅದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆದರೆ ಚೆನ್ನ ಎಂದು ನನ್ನ ಅನಿಸಿಕೆ. 1965ರಿಂದ ಇರುವ ಸಂಸ್ಥೆ, ಜನಕ್ಕೆ ಪರಿಚಯವಿದೆ.

ಜೀನಿನ ಹೆಸರು ತಿಳಿದು ಏನಾಗಬೇಕು, ಔಷಧಿ ಉಂಟೇ ಎಂದು ನಮ್ಮ ಆಸ್ಪತ್ರೆಯಲ್ಲೇ ಹಿರಿಯರೊಬ್ಬರು ಕೇಳಿದ್ದರು. ಔಷಧಿಯ ಮಾತು ಆಮೇಲೆ. ಹುಟ್ಟಾ ಕಿವುಡಾದ ಮಗು ಓಡುವಾಗ, ಹೆದರಿದಾಗ ಮೂರ್ಛೆ ಹೋದರೆ ಮನೆಯವರು ಫಿಟ್ಸ್ ಎಂದುಕೊಳ್ಳುತ್ತಾರೆ. ಕೆಸಿಎನ್‌ಕ್ಯೂ1 ಎಂಬ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಅದು ಫಿಟ್ಸ್ ಅಲ್ಲ, ಹೃದಯದ ಬಡಿತ ತಪ್ಪುವುದು, ಹಾಗೆಯೇ ಸಾಯಬಹುದು. ಒಂದು ಇಸಿಜಿ ಸುಳಿವು ಕೊಡುತ್ತದೆ, ಮಾತ್ರೆಯಿಂದ ಕಾಪಾಡಬಹುದು. ಅಷರ್ ಇರುವ ಮಗುವಿಗೆ ಹತ್ತು ಹನ್ನೆರಡರ ಹೊತ್ತಿಗೆ ಇರುಳುಗಣ್ಣು ಶುರುವಾಗುತ್ತದೆ. ಅದು ಮೊದಲೇ ಗೊತ್ತಿದ್ದರೆ ಕಣ್ಣನ್ನೇ ನಂಬಿ ಕಲಿಯುವ ಮಗುವಿಗೆ ಕಿವಿಯ ದಾರಿಯನ್ನೂ ಬೇಗ ತೆರೆಯಬಹುದು. ಇನ್ನು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಒಂದು ಅಕ್ಷರದ ಬದಲಾವಣೆ. 1993ರಲ್ಲಿ ಪತ್ತೆಯಾದ ಅದು ಇದ್ದವರಿಗೆ ಜೆಂಟಾಮೈಸಿನ್ ಕೊಟ್ಟರೆ ಕಿವಿ ಹೋಗಬಹುದು. ನವಜಾತ ಶಿಶು ಐಸಿಯುಗಳಲ್ಲಿ ನಾವು ನಿತ್ಯ ಕೊಡುವುದೇ ಆ ಇಂಜೆಕ್ಷನ್. ಬ್ರಿಟನ್ನಿನಲ್ಲಿ ಅದನ್ನು ತೊಟ್ಟಿಲ ಪಕ್ಕದಲ್ಲೇ 26 ನಿಮಿಷದಲ್ಲಿ ಪರೀಕ್ಷಿಸುವ ಉಪಕರಣವನ್ನು ಆಸ್ಪತ್ರೆಗಳಲ್ಲಿ ಬಳಸಿ ನೋಡಿ 2022ರಲ್ಲಿ ವರದಿ ಮಾಡಿದ್ದಾರೆ.

ಈಗ ಔಷಧಿ. 2022ರ ಡಿಸೆಂಬರಿನಲ್ಲಿ, ಅಂದರೆ ನಮ್ಮ ಮಗುವಿನ ಬೆರಾ ಗೆರೆ ಮಲಗಿದ್ದನ್ನು ನಾನು ನೋಡಿ ಬಂದ ಸುಮಾರಿಗೇ, ಶಾಂಘೈಯ ಫುದಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಟಿಒಎಫ್ ದೋಷದ ಒಂದು ಮಗುವಿನ ಒಳಕಿವಿಗೆ ಸರಿಯಾದ ಜೀನನ್ನು ಸೇರಿಸಿದರು. ಆ ಜೀನು ಎಷ್ಟು ಉದ್ದವೆಂದರೆ ಅದನ್ನು ಹೊತ್ತೊಯ್ಯಬೇಕಾದ ನಿರುಪದ್ರವಿ ವೈರಸ್ಸಿನಲ್ಲಿ ಹಿಡಿಸುವುದಿಲ್ಲ. ಎರಡು ತುಂಡು ಮಾಡಿ, ಎರಡು ವೈರಸ್ಸಿಗೆ ಹೊರಿಸಿ, ಕೋಶದೊಳಗೆ ಹೋದ ಮೇಲೆ ಮತ್ತೆ ಕೂಡುವಂತೆ ಮಾಡಿದರು. ಆರು ಮಕ್ಕಳಲ್ಲಿ ಐವರಿಗೆ ಕೇಳಿಸತೊಡಗಿತು ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಅಮೆರಿಕ, ಬ್ರಿಟನ್ನುಗಳಲ್ಲೂ ಇದೇ ಜೀನಿನ ಮೇಲೆ ಪ್ರಯೋಗ ನಡೆದಿದೆ. ಒಳಕಿವಿಯ ನೂರಕ್ಕೂ ಹೆಚ್ಚು ಜೀನುಗಳಲ್ಲಿ ಮೊದಲು ಬಾಗಿಲು ತೆರೆದದ್ದು ಇದಕ್ಕೇ, ಏಕೆಂದರೆ ಇದರಲ್ಲಿ ರೋಮಕೋಶ ಸತ್ತಿರುವುದಿಲ್ಲ, ಕಂಡಕ್ಟರ್ ಬಂದರೆ ಬಸ್ಸು ಹೊರಡುತ್ತದೆ. ನಾಳೆ ಇಂಥ ಚಿಕಿತ್ಸೆ ನಮ್ಮಲ್ಲಿಗೆ ಬಂದರೆ ಯಾರಿಗೆ ಕೊಡುತ್ತೀರಿ? ರಾಜ್ಯದಲ್ಲಿ ಒಟಿಒಎಫ್ ಮಕ್ಕಳು ಎಷ್ಟಿದ್ದಾರೆ, ಎಲ್ಲಿದ್ದಾರೆ ಎಂಬ ಲೆಕ್ಕ ನನ್ನ ಕೈಗೆಂದೂ ಸಿಕ್ಕಿಲ್ಲ. ಓಎಇಯಲ್ಲಿ ಪಾಸ್ ಆದವರನ್ನು ನಾವು ಮನೆಗೆ ಕಳಿಸಿಬಿಟ್ಟಿದ್ದೇವಲ್ಲ.

ಹೀಗಾಗಿ ಎರಡನೆಯ ಮಾತೂ ಹೇಳಲೇಬೇಕಾಗಿದೆ. ಐಸಿಯುವಿನಲ್ಲಿದ್ದ ಕೂಸು, ಮನೆಯಲ್ಲಿ ಕಿವುಡುತನ ಇರುವ ಕೂಸು, ಸಂಬಂಧದೊಳಗಿನ ಮದುವೆಯ ಕೂಸು, ಈ ಮೂವರಿಗಾದರೂ ಓಎಇ ಒಂದನ್ನೇ ನಂಬದೆ ಆಟೊಮೇಟೆಡ್ ಬೆರಾ ಮಾಡುವ ಯಂತ್ರ ಕೊಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ಸಂಬಂಧದೊಳಗೇ ಆದವು. ಇದು ಹೊಸ ಸುದ್ದಿಯೂ ಅಲ್ಲ. 1980ರ ದಶಕದಲ್ಲೇ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಾವಿರ ಸಾವಿರ ನವಜಾತ ಶಿಶುಗಳ ರಕ್ತದ ಹನಿ ತೆಗೆದು ಹುಟ್ಟುರೋಗಗಳನ್ನು ಹುಡುಕಿದ ಕಾರ್ಯಕ್ರಮ ನಡೆದಿತ್ತು. ಆಗ ಹತ್ತಿರ ಹತ್ತಿರ ಮೂರರಲ್ಲೊಂದು ಕೂಸಿನ ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರು. ನಲವತ್ತು ವರ್ಷದ ಹಿಂದೆ ಈ ಕೆಲಸ ಇಲ್ಲಿ ಆಗಿತ್ತು ಎಂದರೆ ಈಗ ಆಗದು ಎನ್ನಲು ಬಾಯಿ ಬರುವುದಿಲ್ಲ.

ಒಂದು ಅಳುಕನ್ನೂ ಬಚ್ಚಿಡದೆ ಬರೆಯುತ್ತೇನೆ. ನಮ್ಮ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಹುಟ್ಟಾ ಕಿವುಡ. ಅವನ ಹೆಂಡತಿಯೂ ಅಷ್ಟೇ. ಈ ಪತ್ರದ ಕರಡನ್ನು ಅವನಿಗೆ ಓದಲು ಕೊಟ್ಟೆ. ಓದಿ, ಕೈಯಲ್ಲಿ ಹೇಳಿದ: 'ಪಟ್ಟಿ ಮಾಡೋದು ಸರಿ, ಆ ಪಟ್ಟಿ ಯಾರ ಕೈಗೆ ಹೋಗುತ್ತೆ?' ಅವನ ಪ್ರಶ್ನೆಗೆ ಇತಿಹಾಸವಿದೆ. ಟೆಲಿಫೋನಿನ ಗ್ರಹಾಂ ಬೆಲ್ 1883ರಲ್ಲಿ, ಕಿವುಡರು ಕಿವುಡರನ್ನೇ ಮದುವೆಯಾದರೆ ಕಿವುಡರದೇ ಒಂದು ಕುಲ ಹುಟ್ಟಿಬಿಡುತ್ತದೆ ಎಂದು ಆತಂಕಪಟ್ಟು ಪ್ರಬಂಧ ಮಂಡಿಸಿದ. ಜರ್ಮನಿಯಲ್ಲಿ 1933ರ ಕಾನೂನು ವಂಶಪಾರಂಪರ್ಯ ಕಿವುಡುತನವನ್ನು ಬಲವಂತದ ಸಂತಾನಹರಣದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಮದುವೆ ದಲ್ಲಾಳಿಯ ಕಿವಿಗೆ ಬಿದ್ದರೆ ಸಾಕು. ಆದ್ದರಿಂದ ವರದಿ ಮನೆಯವರ ಕೈಗೆ ಮಾತ್ರ ಹೋಗಲಿ, ಸರ್ಕಾರದ ಲೆಕ್ಕದಲ್ಲಿ ಹೆಸರು, ಊರು, ಜಾತಿ ಇಲ್ಲದ ಸಂಖ್ಯೆಯಷ್ಟೇ ಉಳಿಯಲಿ, ಆಶಾ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ಜೀನಿನ ಹೆಸರು ಬರುವುದೇ ಬೇಡ. ಪರೀಕ್ಷೆ ಬೇಡ ಎನ್ನುವ ಮನೆಗೆ ಬೇಡ ಎನ್ನುವ ಹಕ್ಕಿರಲಿ, ಅದರಿಂದ ಇಂಪ್ಲಾಂಟ್ ತಪ್ಪದಿರಲಿ. ಇಂಪ್ಲಾಂಟೂ ಬೇಡ, ಸನ್ನೆ ಭಾಷೆ ಸಾಕು ಎನ್ನುವವರನ್ನು ನಾವು ತಿದ್ದಲು ಹೋಗದಿರೋಣ. ಸಮಾಲೋಚಕರ ಹುದ್ದೆಗೆ ಅರ್ಜಿ ಕರೆಯುವಾಗ ನನ್ನ ಗೆಳೆಯನಂಥವರಿಗೂ ಅವಕಾಶ ಇರಲಿ. ಸೋದರಮಾವನ ಮದುವೆಯ ವಿರುದ್ಧ ಗೋಡೆ ಬರಹ ಬರೆಸುವುದರಿಂದ ಏನೂ ಆಗದು. ಆ ಅಜ್ಜಿಗೆ ಅರ್ಥವಾದದ್ದು ಗೋಡೆಯ ಮೇಲಿನ ಮಾತಲ್ಲ, ಅವರದೇ ಮನೆಯ ಹೆಸರುಗಳಿದ್ದ ಕಾಗದ.

ಆ ಮಗು ಈಗ ಯುಕೆಜಿ. ಕಿವಿಯ ಹಿಂದಿನ ಸಾಧನಕ್ಕೆ ಗುಲಾಬಿ ಬಣ್ಣದ ಸ್ಟಿಕರ್ ಅಂಟಿಸಿಕೊಂಡಿದ್ದಾಳೆ. 'ಡ' ಇನ್ನೂ ಸರಿಯಾಗಿ ಬರುವುದಿಲ್ಲ, ನನ್ನನ್ನು 'ಮೇದಂ' ಎನ್ನುತ್ತಾಳೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳಿಗೆ ಖಾತ್ರಿ, ಆರು ತಿಂಗಳಿಗೆ ಆರೈಕೆ ಶುರು ಎಂಬುದು ನಮ್ಮ ವೃತ್ತಿಯ ನಿಯಮ. ಅವಳ ವಿಷಯದಲ್ಲಿ ನಾನು ಆ ಆರು ತಿಂಗಳನ್ನು ಮೂರು ವರ್ಷ ದಾಟಿಸಿದೆ.

ಕಳೆದ ವಾರ ಅವಳ ತಾಯಿ ಬಂದಿದ್ದಳು. ಮತ್ತೆ ಏಳು ತಿಂಗಳ ಬಸುರಿ. ಈ ಕೂಸಿಗೂ ಹಾಗಾಗುವ ಸಂಭವ ನಾಲ್ಕರಲ್ಲೊಂದು ಎಂದು ಅವಳಿಗೆ ಗೊತ್ತಿದೆ, ನಾನೇ ಹೇಳಿದ್ದೇನೆ. 'ಈ ಸಲ ಯಾವ ಮಷೀನಿನಲ್ಲಿ ನೋಡ್ತೀರಾ ಮೇಡಂ?' ಎಂದು ಕೇಳಿದಳು. ಹೆರಿಗೆ ನಮ್ಮ ಆಸ್ಪತ್ರೆಯಲ್ಲೇ. ನನ್ನ ಮೇಜಿನ ಮೇಲೆ ಇರುವುದು ಅದೇ ಓಎಇ ಯಂತ್ರ.

ಇಂತಿ,
ತಮ್ಮ ಇಲಾಖೆಯ ಒಬ್ಬ ಆಡಿಯಾಲಜಿಸ್ಟ್